ಗೊತ್ತು ಮಾವ, ಗೊತ್ತು!

"ಬರುವ ಭಾನುವಾರದೊಳಗೆ ಈ ಹಿತ್ತಲಿನ ಹುಲ್ಲನ್ನ ಸವರಿ ನುಣ್ಣಗೆ ಮಾಡದಿದ್ರೆ ನಾನು ನಿಮ್ಮಪ್ಪನ ಅಳಿಯನೇ ಅಲ್ಲ!" ಎಂದು ಅಳತೆ ಸಾಹೇಬರು ಹಿತ್ತಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ಘೋಷಿಸಿದರು.

"ಅದಿನ್ನು ನಿಮ್ಮ ಕೈಲೂ ಇಲ್ಲ, ನಮ್ಮಪ್ಪನ ಕೈಲೂ ಇಲ್ಲ. ಆಗಿದ್ದು ಆಗಿಹೋಯ್ತು," ಎಂದು ಹೆಂಡತಿ ತಂತಿಯ ಮೇಲೆ ಬಟ್ಟೆ ಹರವುತ್ತ ಹೇಳಿದಳು. ಹುಲ್ಲು ಅವಳ ಮೊಣಕಾಲು ಮುಟ್ಟುತ್ತಿತ್ತು. ಹೋದ ತಿಂಗಳು ತಂತಿಯಿಂದ ಜಾರಿಬಿದ್ದ ಸಾಹೇಬರ ಒಂದು ಕಾಲುಚೀಲ ಆ ಹುಲ್ಲಿನೊಳಗೆ ಹೋದದ್ದು ಹೋದದ್ದೇ, ಇನ್ನೂ ಪತ್ತೆಯಿರಲಿಲ್ಲ.

ಅಳತೆ ಸಾಹೇಬರೆಂದರೆ ಸಾಮಾನ್ಯರಲ್ಲ, ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು! ಅಂಗಡಿಯ ತಕ್ಕಡಿಯಿಂದ ಹಿಡಿದು ಪೆಟ್ರೋಲ್ ಬಂಕಿನ ಮೀಟರಿನವರೆಗೆ ಎಲ್ಲದರ ಮೇಲೂ ಅವರ ಮುದ್ರೆ ಬೀಳಬೇಕು. ಅವರು ಬೀದಿಯಲ್ಲಿ ಬರುತ್ತಿದ್ದರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ವ್ಯಾಪಾರಿಗಳು ಆಡಿಕೊಳ್ಳುತ್ತಿದ್ದರು. ಹೀಗೆ ಊರಿಗೆಲ್ಲ ಹೆದರಿಕೆ ಹುಟ್ಟಿಸುವ ಸಾಹೇಬರಿಗೂ ಒಬ್ಬರನ್ನು ಕಂಡರೆ ಹೆದರಿಕೆ. ಅವರೇ ಹೆಂಡತಿಯ ತಂದೆ, ನಿವೃತ್ತ ಹೆಡ್ ಮೇಷ್ಟ್ರು.

ಹೆಡ್ ಮೇಷ್ಟ್ರಿಗೆ ತಮ್ಮ ವಸ್ತುಗಳ ಮೇಲೆ ಬಲು ಪ್ರೀತಿ. ಛತ್ರಿ, ಟಾರ್ಚು, ಕುರ್ಚಿ, ಕನ್ನಡಕದ ಡಬ್ಬಿ, ಎಲ್ಲದರ ಮೇಲೂ ಒಂದು ಅಂಟುಚೀಟಿ ಇರಲೇಬೇಕು: 'ಇದು ಹೆಡ್ ಮೇಷ್ಟ್ರ ಸ್ವತ್ತು. ಸುಸ್ಥಿತಿಯಲ್ಲಿ ಹಿಂತಿರುಗಿಸತಕ್ಕದ್ದು.' ಆ ಮನೆಯಲ್ಲಿ ಚೀಟಿ ಇಲ್ಲದೆ ಉಳಿದವರು ಇಬ್ಬರೇ. ಒಬ್ಬರು ಅತ್ತೆ, ಅವರಿಗೆ ಅಂಟಿಸುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ. ಇನ್ನೊಬ್ಬರು ಅಳಿಯ, ಅವರಿಗೆ ಅಂಟಿಸುವ ಮನಸ್ಸು ಮೇಷ್ಟ್ರಿಗೆ ಬಂದಿರಲಿಲ್ಲ. ಇದು ಸಾಹೇಬರನ್ನು ಒಳಗೊಳಗೇ ಕೊರೆಯುತ್ತಿತ್ತು. ಮದುವೆಯಾದಾಗಿನಿಂದ ಸುರಿಯುವ ಮಳೆಯಲ್ಲೂ ಒಂದು ಛತ್ರಿ ನಂಬಿ ಕೊಟ್ಟವರಲ್ಲ ಮಾವ!

ಅಂಥ ಮಾವ ಒಂದು ದಿನ ತಾವಾಗಿಯೇ ಫೋನ್ ಮಾಡಿ, "ಹುಲ್ಲು ಕತ್ತರಿಸೋ ನಮ್ಮ ಮಷೀನನ್ನ ಕಳಿಸ್ತೀನಿ, ಇಟ್ಕೊಳ್ಳಿ. ಭಾನುವಾರ ನಾವೇ ಬಂದು ತಗೊಂಡು ಹೋಗ್ತೀವಿ," ಎಂದುಬಿಟ್ಟರು. ಸಾಹೇಬರಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಆದ್ರೆ ಒಂದು ಮಾತು. ಪೆಟ್ರೋಲ್ ಮಾತ್ರ ಸರಿಯಾದದ್ದೇ ಹಾಕಬೇಕು. ಗೊತ್ತಲ್ಲ, ಅಳಿಯಂದಿರೇ?"

"ಗೊತ್ತು ಮಾವ, ಗೊತ್ತು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫೋನ್ ಇಟ್ಟ ಮೇಲೆ ಸಾಹೇಬರಿಗೆ ಹೊಳೆಯಿತು: ಪೆಟ್ರೋಲಿನಲ್ಲಿ ಸರಿಯಾದದ್ದು, ಸರಿಯಿಲ್ಲದ್ದು ಅಂತ ಬೇರೆ ಇರುತ್ತದೆಯೇ?

ಮಷೀನು ಬಂದಿಳಿದ ಮೇಲೆ, ಶನಿವಾರ ಬೆಳಿಗ್ಗೆ ಕ್ಯಾನು ಹಿಡಿದು ಬಂಕಿಗೆ ನಡೆದರು. ಅವರನ್ನು ಕಂಡದ್ದೇ ತಡ, ಬಂಕಿನ ಮ್ಯಾನೇಜರು ಎದೆ ಹಿಡಿದುಕೊಂಡು ಓಡಿಬಂದ.

"ಸಾರ್! ಹೋದ ವಾರ ತಾನೇ ಚೆಕ್ ಮಾಡಿದ್ರಲ್ಲ ಸಾರ್!"

"ಚೆಕ್ಕಿಂಗ್ ಅಲ್ಲಯ್ಯಾ. ಪೆಟ್ರೋಲ್ ಬೇಕು."

"ಸಾದಾನಾ ಸಾರ್, ಪವರ್ರಾ?"

"ಯಾವುದು ಒಳ್ಳೇದು?"

ಮ್ಯಾನೇಜರಿನ ಮುಖ ಬಿಳುಪೇರಿತು. ಇದು ಯಾವ ಹೊಸ ಬಗೆಯ ಪರೀಕ್ಷೆಯೋ! "ಎರಡೂ ಒಳ್ಳೇದೇ ಸಾರ್. ನೀವು ಹೇಗೆ ಹೇಳಿದ್ರೆ ಹಾಗೆ ಸಾರ್."

ಸಾಹೇಬರು ಬಾಯಿ ಬಿಡುವಂತಿಲ್ಲ. ಊರಿನ ಪೆಟ್ರೋಲ್ ಅಳೆಯುವವರೇ 'ನನಗೆ ಪೆಟ್ರೋಲ್ ಗೊತ್ತಿಲ್ಲ' ಎನ್ನಲಾದೀತೇ? ಪುಣ್ಯಕ್ಕೆ ಸಾಲಿನಲ್ಲಿ ನಿಂತಿದ್ದ ಆಟೋದವನು ಕ್ಯಾನು ನೋಡಿ, "ಹುಲ್ಲಿನ ಮಷೀನಿಗಾ? ಆಯಿಲ್ ಬೆರೆಸಿ ಹಾಕಿ. ಬೆರೆಸದಿದ್ರೆ ಇಂಜಿನ್ ಸೀಜ್ ಆಗೋಗುತ್ತೆ," ಎಂದ. ಅವನ ಹಿಂದಿದ್ದ ಕಾರಿನವರು ಕಿಟಕಿಯಿಂದ ತಲೆ ಹೊರಹಾಕಿ, "ಎಲ್ಲಾ ಮಷೀನಿಗೂ ಬೆರೆಸಬಾರದು ರೀ! ಆಮೇಲೆ ಈಗಿನ ಪೆಟ್ರೋಲಲ್ಲಿ ಸ್ಪಿರಿಟ್ ಬೇರೆ ಇರುತ್ತೆ. ಹಾಗೇ ಬಿಟ್ರೆ ನೀರು ಹೀರ್ಕೊಂಡು ಪೈಪನ್ನೇ ತಿಂದುಹಾಕುತ್ತೆ," ಎಂದರು. "ನೀವು ಕಾರಿನವರು, ನಿಮಗೇನ್ರೀ ಗೊತ್ತು?" ಎಂದು ಆಟೋದವನು ತೋಳೇರಿಸಿದ. ಇಬ್ಬರ ಜಗಳ ಮುಗಿಯುವ ಹೊತ್ತಿಗೆ ಸಾಹೇಬರ ತಲೆ ಕಲಸು ಮೇಲೋಗರವಾಗಿತ್ತು. ಎಲ್ಲವನ್ನೂ ಕೊಂಡರೆ ಯಾವುದಾದರೂ ಒಂದು ಸರಿಯಿರಲೇಬೇಕಲ್ಲ! ಸಾದಾ ಒಂದು ಕ್ಯಾನು, ಪವರ್ ಒಂದು ಕ್ಯಾನು, ಜೊತೆಗೆ ಒಂದು ಡಬ್ಬಿ ಆಯಿಲ್ ಹೊತ್ತು ಮನೆಗೆ ಬಂದರು.

ಎಷ್ಟು ಪೆಟ್ರೋಲಿಗೆ ಎಷ್ಟು ಆಯಿಲ್? ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಸಾಹೇಬರಿಗೆ ಹುರುಪು ಬಂತು. ಕೊನೆಗೂ ತಮ್ಮ ವಿದ್ಯೆ! ಇಲಾಖೆಯ ಮುದ್ರೆಯೊತ್ತಿದ ಹಿತ್ತಾಳೆಯ ಅಳತೆಪಾತ್ರೆಯನ್ನು ಬೀರುವಿನಿಂದ ಇಳಿಸಿ, ಊಟದ ಮೇಜಿನ ಮೇಲಿಟ್ಟು, ಕಣ್ಣನ್ನು ಅದರ ಅಂಚಿಗೆ ಸರಿಯಾಗಿ ತಂದು, ಉಸಿರು ಬಿಗಿಹಿಡಿದು ಅಳೆದರು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಅಷ್ಟು ನಿಖರವಾಗಿ ಬೆರೆಸಿದ ಪೆಟ್ರೋಲ್ ಆ ಊರಿನಲ್ಲಿ ಅದುವರೆಗೆ ಯಾವ ಟ್ಯಾಂಕಿಗೂ ಬಿದ್ದಿರಲಾರದು!

ಟ್ಯಾಂಕಿನ ಮುಚ್ಚಳದ ಮೇಲೂ ಹೆಡ್ ಮೇಷ್ಟ್ರ ಚೀಟಿ. ಸಾಹೇಬರು ಭಕ್ತಿಯಿಂದ ತಿರುಗಿಸಿ ತೆಗೆದರು. ತಳದಲ್ಲಿ ಹಳೆಯ ಪೆಟ್ರೋಲ್ ಇತ್ತು. ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಮಾವನ ಪೆಟ್ರೋಲನ್ನು ಚೆಲ್ಲುವುದು ಅಗೌರವವೆಂದು ಅದರ ಮೇಲೆಯೇ ತಮ್ಮದನ್ನು ಸುರಿದರು. ಹಗ್ಗ ಎಳೆದರು. ಮಷೀನು ಕೆಮ್ಮಿತು. ಮತ್ತೆ ಎಳೆದರು. ಕೆಮ್ಮಿ, ಕ್ಯಾಕರಿಸಿ, ಬಿಳಿ ಹೊಗೆಯನ್ನು ದಬದಬ ಉಗುಳಿ, ಗಪ್‌ಚಿಪ್ ಆಯಿತು. ಹೊಗೆ ನೇರವಾಗಿ ತಂತಿಯ ಮೇಲಿನ ಬಟ್ಟೆಗಳಿಗೆ ನುಗ್ಗಿತು.

"ರೀ! ಬಟ್ಟೆ ಒಗೆದಿದ್ದು ನಾನು!" ಎಂದು ಹೆಂಡತಿ ಹೊರಗೋಡಿ ಬಂದಳು. "ಅಪ್ಪನಿಗೆ ಫೋನ್ ಮಾಡಿ ಕೇಳಬಾರದಾ?"

"ಗೊತ್ತು ಅಂದಿದೀನಿ ಕಣೇ!"

"ಗೊತ್ತಿಲ್ಲ ಅಂತ ಈಗ ಹೇಳಿ."

"ಮಾನದ ಪ್ರಶ್ನೆ!"

"ಆ ಮಾನವೇ ಈಗ ನನ್ನ ಬಟ್ಟೆಗೆ ಮೆತ್ಕೊಂಡಿರೋದು." ಅವಳು ಬಗ್ಗಿ ಮುಚ್ಚಳವನ್ನು ಸವರಿ ನೋಡಿದಳು. "ಇಲ್ನೋಡಿ, ಈ ಚೀಟಿ ಕೆಳಗೆ ಏನೋ ಉಬ್ಬಿದ ಹಾಗಿದೆ. ಏನೋ ಚಿತ್ರ ಇರಬೇಕು. ಕಿತ್ತು ನೋಡ್ಲಾ?"

ಸಾಹೇಬರು ಹಾವು ತುಳಿದವರಂತೆ ಹಾರಿದರು. "ಮುಟ್ಟಬೇಡ! ಹಚ್ಚಿದ ಮುದ್ರೆ ಕೀಳೋದು ಅಪರಾಧ! ಮುದ್ರೆ ಕಿತ್ತ ಎಷ್ಟು ಜನರ ಮೇಲೆ ನಾನೇ ಕೇಸು ಹಾಕಿದೀನಿ ಗೊತ್ತಾ? ಅದೂ ಮಾವನ ಚೀಟಿ!"

ಅಲ್ಲಿಂದ ಮುಂದೆ ಅವರ ತಲೆ ಗಿರಗಿಟ್ಟಲೆ ತಿರುಗತೊಡಗಿತು. ಆಯಿಲ್ ಕಡಿಮೆಯಾಯಿತೇನೋ ಎಂದು ಇನ್ನಷ್ಟು ಹಾಕಿದರು; ಹೊಗೆ ಹೆಚ್ಚಾಯಿತು. ಹೆಚ್ಚಾಯಿತೇನೋ ಎಂದು ಮೇಲೊಂದಿಷ್ಟು ಸಾದಾ ಸುರಿದರು. ಕೆಮ್ಮು ಮಾತ್ರ ಉಳಿಯಿತು. ಪವರ್ ಸುರಿದರೆ ಕೆಮ್ಮೂ ಹೋಯಿತು. ಮಷೀನಿನ ಕೆಳಭಾಗದಲ್ಲಿ ಇನ್ನೊಂದು ಪುಟ್ಟ ಮುಚ್ಚಳ ಕಂಡಿತು. ಅದರೊಳಗೂ ಎಣ್ಣೆ! ಹಾಗಾದರೆ ಎಣ್ಣೆ ಹಾಕಬೇಕಾದ್ದು ಅಲ್ಲಿಯೋ, ಇಲ್ಲಿಯೋ, ಎರಡೂ ಕಡೆಯೋ? ಯಾವುದಕ್ಕೂ ಇರಲಿ ಎಂದು ಹೆದರಿ ಹಾಗೇ ಮುಚ್ಚಿಟ್ಟರು. ಕೊನೆಗೆ ಟ್ಯಾಂಕಿನಲ್ಲಿ ಏನು ಎಷ್ಟಿದೆ ಎಂದು ಅಳತೆ ಇಲಾಖೆಯೇ ಬಂದು ಕೂತರೂ ಹೇಳುವಂತಿರಲಿಲ್ಲ. ಹುಲ್ಲು ಆರಾಮಾಗಿ ಗಾಳಿಗೆ ತಲೆದೂಗುತ್ತಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಮನೆಯೆಲ್ಲ ಬಂಕಿನ ವಾಸನೆ. ಇವತ್ತು ಒಲೆ ಹಚ್ಚಲ್ಲ. ಕಡ್ಡಿ ಗೀರಿದ್ರೆ ನೀವು, ನಾನು, ಮಷೀನು ಒಟ್ಟಿಗೇ ಹೋಗ್ತೀವಿ."

ಸಾಹೇಬರಿಗೆ ನಗು ಬರಲಿಲ್ಲ. ಮಾವ ಮೊದಲ ಸಲ ನಂಬಿ ಕೊಟ್ಟ ವಸ್ತು! ಅದನ್ನು ಕೊಂದುಬಿಟ್ಟೆನಲ್ಲ ಎಂದು ಅವರಿಗೆ ನಿಜಕ್ಕೂ ಅಳು ಬರುವಂತಾಗಿತ್ತು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ಅತ್ತೆ ಮುಂದೆ, ಹೆಡ್ ಮೇಷ್ಟ್ರು ಹಿಂದೆ. ವಿಚಿತ್ರವೆಂದರೆ ಎಲ್ಲೇ ಹೋದರೂ ಮೊದಲು ತಮ್ಮ ಸ್ವತ್ತನ್ನು ವಿಚಾರಿಸುವ ಮೇಷ್ಟ್ರು ಅಂದು ಹಿತ್ತಲಿನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಗೋಡೆಯನ್ನು ನೋಡುತ್ತ ಕೇಳಿದರು:

"ಮತ್ತೆ, ಮಷೀನು ಓಡ್ತಾ?"

ಸಾಹೇಬರ ನಾಲಿಗೆ ಅವರ ಮಾತು ಕೇಳಲಿಲ್ಲ. "ಓಡ್ತು ಮಾವ! ಚೆನ್ನಾಗಿ ಓಡ್ತು!"

ಹೆಡ್ ಮೇಷ್ಟ್ರು ದಡಕ್ಕನೆ ಎದ್ದು ನಿಂತರು. "ಓಡ್ತಾ? ಹೇಗೆ ಓಡ್ತು? ನನ್ನ ಕೈಲಿ ಓಡಲೇ ಇಲ್ವಲ್ಲ!"

ಅತ್ತೆ ಗಂಡನ ಕಡೆ ಗಿರ್ರನೆ ತಿರುಗಿದರು.

"ಏನಂದ್ರಿ? ಓಡಲೇ ಇಲ್ವಾ? 'ಅಳಿಯ ಆಸೆಪಟ್ಟು ಕೇಳ್ದ, ಕೊಟ್ಟುಬಿಟ್ಟೆ, ಇಲ್ದಿದ್ರೆ ನಮ್ಮ ಹಿತ್ತಲು ಇಷ್ಟೊತ್ತಿಗೆ ಸವರಿ ಹಾಕ್ತಿದ್ದೆ' ಅಂದ್ರಲ್ಲ ನನ್ಹತ್ರ!"

ಹೆಡ್ ಮೇಷ್ಟ್ರು ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ನೆಲ ನೋಡಿದರು. "ಅಂಗಡಿಯವನು ಹೇಳೋಕೆ ಬಂದ. ನಾನೇ ಗೊತ್ತು ಬಿಡಯ್ಯಾ ಅಂದೆ. ಆ ಕಾಲದಲ್ಲಿ ಸ್ಕೂಟರಿಗೆ ಆಯಿಲ್ ಬೆರೆಸಿ ಹಾಕ್ತಿದ್ವಿ. ಇದಕ್ಕೂ ಹಾಗೇ ಹಾಕ್ದೆ. ಆವತ್ತು ನಿಂತಿದ್ದು, ಇವತ್ತಿಗೂ ನಿಂತೇ ಇದೆ." ಆಮೇಲೆ ಆಸೆಯಿಂದ ತಲೆಯೆತ್ತಿದರು. "ಅಳಿಯಂದಿರೇ, ನೀವು ಏನು ಹಾಕಿದ್ರಿ?"

"ನಾನೂ ಅದನ್ನೇ ಹಾಕ್ದೆ ಮಾವ. ಓಡ್ಲಿಲ್ಲ ಮಾವ," ಎಂದರು ಸಾಹೇಬರು ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

ಹೆಂಡತಿ ನೇರವಾಗಿ ಹಿತ್ತಲಿಗೆ ನಡೆದು, ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚೀಟಿಯ ಅಂಚಿಗೆ ಉಗುರು ಹಾಕಿದಳು.

"ಏಯ್, ಅದು ನನ್ನ ಚೀಟಿ!" ಎಂದರು ಮಾವ.

"ಅದು ಮುದ್ರೆ!" ಎಂದರು ಅಳಿಯ.

ಪರ್ರನೆ ಚೀಟಿ ಬಂತು. ಕೆಳಗೆ ಮುಚ್ಚಳದಲ್ಲೇ ಅಚ್ಚೊತ್ತಿದ ಚಿತ್ರ: ಒಂದು ಕಡೆ ಬಂಕಿನ ಪಂಪು, ಪಕ್ಕದಲ್ಲಿ ಎಣ್ಣೆಯ ಡಬ್ಬಿ, ಅದರ ಮೇಲೆ ಅಡ್ಡಡ್ಡ ಕಾಟು. ಅಕ್ಷರ ಬಾರದವರಿಗೂ ಅರ್ಥವಾಗುವಂಥದ್ದು. ಪೆಟ್ರೋಲ್ ಹಾಕು, ಅದರಲ್ಲಿ ಎಣ್ಣೆ ಬೆರೆಸಬೇಡ. ಎಣ್ಣೆಯ ಜಾಗ ಕೆಳಗಿನ ಪುಟ್ಟ ಮುಚ್ಚಳದೊಳಗೆ, ಅಷ್ಟೇ.

"ಒಬ್ಬರು ಮುಚ್ಚಿ ಅಂಟಿಸಿದ್ರು, ಇನ್ನೊಬ್ಬರು ಅದನ್ನ ಕಾವಲು ಕಾದ್ರು," ಎಂದರು ಅತ್ತೆ. "ಮಾವನಿಗೆ ತಕ್ಕ ಅಳಿಯ!"

ಚೀಟಿಯನ್ನು ಮಗಳು ಅಪ್ಪನ ಕೈಗೆ ಕೊಟ್ಟಳು. ಅದು ಅವರ ಹೆಬ್ಬೆರಳಿಗೆ ಅಂಟಿಕೊಂಡು, ಕೊಡವಿದರೂ ಬಿಡಲಿಲ್ಲ. ಅವಳು ಟ್ಯಾಂಕನ್ನು ಪೂರ್ತಿ ಬಗ್ಗಿಸಿ ಖಾಲಿ ಮಾಡಿದಳು. ಮೇಷ್ಟ್ರು ಪ್ಲಗ್ ಬಿಚ್ಚಿ ಒರೆಸಿದರು. ಸಾಹೇಬರು ಹೊಸ ಸಾದಾ ಪೆಟ್ರೋಲನ್ನು ಈ ಸಲ ಅಳೆಯದೆಯೇ ಸುರಿದರು. ಹಗ್ಗ ಎಳೆದವಳು ಅವಳೇ. ಎಳೆದಳು, ಎಳೆದಳು, ಒಂದಿಷ್ಟು ಹೊಗೆ ಬಂತು, ಆಮೇಲೆ ಮಷೀನು ಭರ್ರೆಂದು ಓಡಿತು!

"ನಾನು ಹೇಳ್ಲಿಲ್ವಾ!" ಎಂದು ಮಾವ, ಅಳಿಯ ಇಬ್ಬರೂ ಒಟ್ಟಿಗೇ ಕೂಗಿದರು. ಅತ್ತೆ ಇಬ್ಬರನ್ನೂ ನೋಡಿದ ನೋಟಕ್ಕೆ ಒಟ್ಟಿಗೇ ಸುಮ್ಮನಾದರು.

ಹೆಡ್ ಮೇಷ್ಟ್ರು ಅಳಿಯನ ಬೆನ್ನು ತಟ್ಟಿ, "ಹೋಗ್ಲಿ ಬಿಡಿ ಅಳಿಯಂದಿರೇ, ನಮ್ಮಿಬ್ಬರದ್ದೂ ಒಂದೇ ತಲೆ," ಎಂದರು. ಮದುವೆಯಾದಾಗಿನಿಂದ ಮಾವನ ಬಾಯಲ್ಲಿ ಬಂದ ಮೊದಲ ಒಳ್ಳೆಯ ಮಾತು! ಸಾಹೇಬರು ಎದೆಯುಬ್ಬಿಸಿಕೊಂಡು ಹಿತ್ತಲನ್ನು ಈ ತುದಿಯಿಂದ ಆ ತುದಿಗೆ ಸವರಿದರು. ಕಳೆದುಹೋದ ಕಾಲುಚೀಲ ಕೂಡ ಸಿಕ್ಕಿತು, ಚಿಂದಿ ಚಿಂದಿಯಾಗಿ.

ಮಷೀನನ್ನು ಮಾವನ ಕಾರಿಗೆ ಏರಿಸಲು ಅವರು ಬಗ್ಗಿದಾಗ ಹೆಂಡತಿ ಕಿಸಕ್ಕನೆ ನಕ್ಕಳು. ಅಂಗಿಯ ಬೆನ್ನ ಮೇಲೆ ಚೀಟಿ ಭದ್ರವಾಗಿ ಕೂತಿತ್ತು: 'ಇದು ಹೆಡ್ ಮೇಷ್ಟ್ರ ಸ್ವತ್ತು.'

"ತಿರುಗಿ, ಕಿತ್ತುಹಾಕ್ತೀನಿ."

"ಬೇಡ," ಎಂದರು ಸಾಹೇಬರು ಹಿಂದೆ ಸರಿದು. "ಅದು ಮಾವ ಹಾಕಿದ ಮುದ್ರೆ. ಇರ್ಲಿ."

"ಅಪ್ಪಾ, ನಿನ್ನ ಸ್ವತ್ತು ಇನ್ನೊಂದು ಇಲ್ಲೇ ಉಳೀತಾ ಇದೆ. ಇದನ್ನೂ ವಾಪಸ್ ತಗೊಂಡು ಹೋಗ್ತೀಯಾ?"

ಹೆಡ್ ಮೇಷ್ಟ್ರು ಕಾರಿನ ಕಿಟಕಿಯಿಂದ ಬಗ್ಗಿ, ಮಸಿ ಮೆತ್ತಿದ ಮುಖದ, ಪೆಟ್ರೋಲ್ ನಾತದ, ಹುಲ್ಲು ಮೆತ್ತಿದ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಚೀಟಿ ಪೂರ್ತಿ ಓದಮ್ಮಾ. ಸುಸ್ಥಿತಿಯಲ್ಲಿದ್ರೆ ಮಾತ್ರ!"