ಆರು ವಾರ ಒಗೆಯದ ಜೀನ್ಸ್

"ಇವತ್ತಿನಿಂದ ಸರಿಯಾಗಿ ಆರು ವಾರ, ಈ ಜೀನ್ಸನ್ನು ಯಾರೂ ಒಗೆಯಕೂಡದು. ಒಂದು ಚಿಟಿಕೆ ಸೋಪಿನ ಪುಡಿಯೂ ಇದಕ್ಕೆ ಸೋಕಕೂಡದು. ಇದು ನನ್ನ ಆಜ್ಞೆ!"

ನಂಜನಗೂಡಿನ ಶಾಲೆಯೊಂದರ ವಿಜ್ಞಾನದ ಮೇಷ್ಟ್ರು ಮುರಳೀಧರ, ಒಂದು ಭಾನುವಾರ ಬೆಳಿಗ್ಗೆ ಹಜಾರದ ನಟ್ಟನಡುವೆ ನಿಂತು, ಹೊಸ ನೀಲಿ ಜೀನ್ಸನ್ನು ಎರಡೂ ಕೈಯಲ್ಲಿ ಪತಾಕೆಯಂತೆ ಎತ್ತಿ ಹಿಡಿದು ಹೀಗೆ ಘೋಷಿಸಿದರು. ಆಜ್ಞೆಯನ್ನು ಶಿರಸಾವಹಿಸಬೇಕಾದ ಪ್ರಜೆಗಳು ಮೂವರು. ಹೆಂಡತಿ ಮೈತ್ರೇಯಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಾಯಿ ತಂಗಮ್ಮನವರು ಹೂಬತ್ತಿ ಹೊಸೆಯುತ್ತಿದ್ದರು. ಮನೆಗೆಲಸದ ಪುಟ್ಟಲಕ್ಷ್ಮಿ ನೆಲ ಒರೆಸುತ್ತಾ ಮೇಷ್ಟ್ರ ಪಾದದ ಬಳಿಗೆ ಬಂದು, "ಒಸಿ ಕಾಲೆತ್ತಿ ಸಾ" ಎಂದಳು.

ಮೇಷ್ಟ್ರು ಆಜ್ಞೆ ಮಾಡುತ್ತಲೇ ಕಾಲೆತ್ತಿದರು.

ಐವತ್ತೆರಡು ವರ್ಷಕ್ಕೆ ಅದು ಅವರ ಮೊದಲ ಜೀನ್ಸ್. ಕೊಂಡದ್ದು ಶೋಕಿಗಲ್ಲ, ಭೂಮಿಯ ಉದ್ಧಾರಕ್ಕೆ! ಅವರು ಶಾಲೆಯ ಪರಿಸರ ಸಂಘದ ಮುಖ್ಯಸ್ಥರು. ಜೀನ್ಸನ್ನು ಪದೇ ಪದೇ ಒಗೆದು ಮನುಷ್ಯ ಎಷ್ಟು ನೀರು ಹಾಳು ಮಾಡುತ್ತಾನೆಂದು ಎಲ್ಲೋ ಓದಿದ್ದರು. ಆರು ವಾರ ಕಳೆದ ಮೇಲೆ ತಿರುಮಕೂಡಲು ನರಸೀಪುರದಲ್ಲಿ ಶಿಕ್ಷಕರ ಸಮಾವೇಶ. ಅಲ್ಲಿ ಇದೇ ಪ್ಯಾಂಟನ್ನು ಪ್ರದರ್ಶಿಸಿ ಇಪ್ಪತ್ತು ನಿಮಿಷ ಭಾಷಣ ಮಾಡುವುದಾಗಿ ಒಪ್ಪಿಕೊಂಡಿದ್ದರು. ಆಹ್ವಾನ ಪತ್ರಿಕೆಯಲ್ಲಿ 'ಆರು ವಾರ ಒಗೆಯದ ಜೀನ್ಸ್: ಪ್ರಾತ್ಯಕ್ಷಿಕೆ' ಎಂದು ಅಚ್ಚೂ ಆಗಿತ್ತು. ಇನ್ನು ಮಾತು ತಪ್ಪುವಂತಿಲ್ಲ.

ವಿಧಾನ ಸರಳ. ಸಂಜೆ ಮತ್ತು ಭಾನುವಾರ ಮಾತ್ರ ಧರಿಸುವುದು. ಬಿಚ್ಚಿದ ಮೇಲೆ ಒಳಹೊರಗು ಮಾಡಿ ಹಿತ್ತಿಲ ಜಗಲಿಯ ನೆರಳಲ್ಲಿ ಬಿದಿರಿನ ಗಳಕ್ಕೆ ನೇತುಹಾಕುವುದು. ಆರು ವಾರವಾದ ಮೇಲೆ ಅಂಟುವಾಳಕಾಯಿ ಕಿವುಚಿದ ಅರ್ಧ ಬಕೆಟ್ ತಣ್ಣೀರಿನಲ್ಲಿ ಮೇಷ್ಟ್ರೇ ಸ್ವಹಸ್ತದಿಂದ ಜಾಲಿಸಿ, ಆ ನೀರನ್ನು ಬಾಳೆಗಿಡಕ್ಕೆ ಸುರಿಯುವುದು.

"ಅಷ್ಟರಲ್ಲಿ ವಾಸನೆ ಬಂದ್ರೆ?" ಮೈತ್ರೇಯಿ ಕೇಳಿದಳು.

"ಅದನ್ನ ಗಾಳಿ ನೋಡಿಕೊಳ್ಳುತ್ತೆ."

"ಯಾರ ಕಡೆ ಬೀಸೋ ಗಾಳಿ ರೀ?"

ಇಂಥ ಅವೈಜ್ಞಾನಿಕ ಪ್ರಶ್ನೆಗಳಿಗೆ ಮೇಷ್ಟ್ರು ಉತ್ತರಿಸುವುದಿಲ್ಲ.

ಎರಡು ವಾರ ಸುಸೂತ್ರವಾಗಿ ಕಳೆಯಿತು. ಮೂರನೆಯ ಭಾನುವಾರ ಗೃಹಪ್ರವೇಶದ ಊಟವೊಂದರಲ್ಲಿ ಬಡಿಸುವವನ ಕೈ ಜಾರಿ, ತುಪ್ಪ ತೇಲುವ ಬಿಸಿಬೇಳೆಬಾತು ಮೇಷ್ಟ್ರ ಮಂಡಿಯ ಮೇಲೆ ಅಂಗೈಯಗಲ ಆಸೀನವಾಯಿತು. ಬೇರೆಯವರಾಗಿದ್ದರೆ ಬೈಯುತ್ತಿದ್ದರು. ಮೇಷ್ಟ್ರು ಬಡಿಸುವವನ ಕೈ ಕುಲುಕಿದರು! ಒಗೆಯದ ಪ್ಯಾಂಟಿಗೆ ಇದಕ್ಕಿಂತ ಸಾಚಾ ಪುರಾವೆ ಬೇಕೆ?

ಬುಧವಾರ ಸಂಜೆ ನೋಡಿದರೆ ಕಲೆ ಇಲ್ಲ.

ಮೊದಲು ಅವರು ಹಿಗ್ಗಿದರು. 'ಗಾಳಿಯ ಶಕ್ತಿ ಅಪಾರ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಅನುಮಾನದ ಹುಳು ತಲೆಗೆ ಹೊಕ್ಕಿತು. ಗಾಳಿ ಧೂಳು ಒಯ್ಯಬಹುದು, ತುಪ್ಪ ಒಯ್ಯುತ್ತದೆಯೇ? ಜೀನ್ಸನ್ನು ಮೂಗಿಗೆ ಹಿಡಿದರು. ಮಲ್ಲಿಗೆಯ ಘಮ! ಐವತ್ತೆರಡು ವರ್ಷದಲ್ಲಿ ಅವರ ಮೈಯಿಂದ ಒಮ್ಮೆಯೂ ಮಲ್ಲಿಗೆ ಘಮಿಸಿದ್ದಿಲ್ಲ.

ವಿಚಾರಣೆ ಅಡುಗೆಮನೆಯಿಂದಲೇ ಶುರುವಾಯಿತು.

"ಮೈತ್ರೇಯಿ, ನಿಜ ಹೇಳು. ಜೀನ್ಸ್ ಒಗೆದೆಯಾ?"

"ನಿಮ್ಮ ಆಜ್ಞೆ ಮೀರೋ ಧೈರ್ಯ ನನಗೆಲ್ಲಿಂದ ಬರಬೇಕು?"

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಆಕೆ ಇಂಥ ಮಾತನ್ನು ಆಡಿದ್ದೇ ಇಲ್ಲ. ಅನುಮಾನ ದುಪ್ಪಟ್ಟಾಯಿತು.

"ಅಮ್ಮ, ನೀನೇನಾದರೂ..."

"ಮಡೀಲಿರೋಳು ಕಣೋ ನಾನು! ನಿನ್ನ ಆ ಗೋಣಿಚೀಲ ಮುಟ್ಟಿ ಮತ್ತೆ ತಲೆ ಮೇಲೆ ನೀರು ಹುಯ್ಕೊಳ್ಳಲಾ?" ಎಂದು ಸೋಸಲೆಯ ಮಠದ ಪಕ್ಕದಲ್ಲೇ ಹುಟ್ಟಿ ಬೆಳೆದ ತಂಗಮ್ಮನವರು ಗದರಿದರು. ಆದರೆ ಗದರುವಾಗ ಅವರ ಕಣ್ಣು ಮೂಲೆಯಲ್ಲಿದ್ದ ಮಡಿಕೋಲಿನ ಕಡೆ ಯಾಕೆ ಹೊರಳಿತು? ಕೈ ತಾಗಿಸದೆ ಸೀರೆಯನ್ನು ಗಳಕ್ಕೆ ಏರಿಸುವ ಆ ಕೋಲು ಒದ್ದೆಯಾಗಿತ್ತೇಕೆ?

ಪುಟ್ಟಲಕ್ಷ್ಮಿಯಂತೂ ನೇರವಾಗಿ ತರ್ಕಕ್ಕೇ ಇಳಿದಳು. "ಒಂದ್ ಬಟ್ಟೆ ಕಮ್ಮಿಯಾದ್ರೆ ನಂಗೇ ತಾನೆ ಲಾಭ? ನಾನ್ಯಾಕ್ ಒಗೆಯನ ಸಾ?"

ಮೂವರೂ ನಿರಪರಾಧಿಗಳು. ಪ್ಯಾಂಟು ಮಾತ್ರ ದಿನದಿನಕ್ಕೆ ಶುಭ್ರವಾಗುತ್ತಿದೆ!

ಮೇಷ್ಟ್ರು ಅರ್ಧ ದಿನ ರಜೆ ಹಾಕಿದರು. ಬೆಳಿಗ್ಗೆ ಹನ್ನೊಂದಕ್ಕೆ ಹಿಂದಿನ ಓಣಿಯಿಂದ ಬಂದು, ಹಿತ್ತಿಲ ಬಾಳೆಗಿಡಗಳ ಮರೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಗಳದ ಮೇಲೆ ಕಣ್ಣಿಟ್ಟರು. ಹತ್ತು ನಿಮಿಷವಾಗಿರಬಹುದು. ಪುಟ್ಟಲಕ್ಷ್ಮಿ ಬಂದಳು. ನೆಲ ಒರೆಸಿದ ಬಕೆಟ್ಟಿನ ನೀರನ್ನು ಎಂದಿನಂತೆ ಬಾಳೆಯ ಬುಡಕ್ಕೆ ಬೀಸಿ ಎರಚಿದಳು.

"ಅಯ್ಯಯ್ಯೋ, ಅಮ್ಮಾವ್ರೇ! ಗಿಡದಾಗೆ ಮೇಷ್ಟ್ರು ಅವ್ರೆ!"

ಮೈತ್ರೇಯಿ ಬಾಗಿಲಿಗೆ ಬಂದು, ತೊಟ್ಟಿಕ್ಕುತ್ತಿದ್ದ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗ ಹಾಕಿರೋ ಪ್ಯಾಂಟು ಬಿಚ್ಚಿ ಕೊಡಿ. ಇದನ್ನ ಒಗೆಯೋದಕ್ಕೆ ಅಪ್ಪಣೆ ಇದೆಯೋ ಇಲ್ಲವೋ?"

ಅಲ್ಲಿಗೆ ಪತ್ತೇದಾರಿಕೆ ಮುಗಿಯಿತು. ಇನ್ನೇನಿದ್ದರೂ ವಿಜ್ಞಾನ!

ಹೀಗೆ ಆರನೆಯ ವಾರ ಬಂತು. ಸಮಾವೇಶ ಶನಿವಾರವಿತ್ತು. ಗುರುವಾರ ಸಂಜೆ ಏಳನೇ ತರಗತಿಗೆ ಅರಿಶಿನದ ಪ್ರಯೋಗ ತೋರಿಸಿ ಬಂದ ಮೇಷ್ಟ್ರಿಗೆ ಮಿಂಚು ಹೊಳೆದಂತಾಯಿತು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ, ಮಗುವಿಗೂ ಗೊತ್ತು. ಚಿಟಿಕೆ ಅರಿಶಿನ ಕಲಸಿ, ಜೀನ್ಸಿನ ಸೊಂಟದ ಒಳಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಬೊಟ್ಟು ಇಟ್ಟರು. ಬೊಟ್ಟು ಹಳದಿಯಾಗಿಯೇ ಇದ್ದರೆ ಮನೆಯವರು ನಿರ್ದೋಷಿಗಳು. ಕೆಂಪಾದರೆ ದ್ರೋಹ! ಅಳಿಸಿಹೋದರೂ ದ್ರೋಹ!

ಶನಿವಾರ ಬೆಳಿಗ್ಗೆ ಬಸ್ಸಿನ ಅವಸರದಲ್ಲಿ, ಕನ್ನಡಕವಿಲ್ಲದೆ, ಜಗಲಿಯ ಮಬ್ಬಿನಲ್ಲಿ ಇಣುಕಿ ನೋಡಿದರು. ಹಳದಿ ಕಂಡಿತು. ಎದೆ ಹಗುರಾಯಿತು. ಛೆ, ಕಟ್ಟಿಕೊಂಡವಳನ್ನೂ ಹೆತ್ತವಳನ್ನೂ ಅನುಮಾನಿಸಿದೆನಲ್ಲ ಎಂದು ಮನಸ್ಸಿನಲ್ಲೇ ಕ್ಷಮೆ ಕೇಳಿ, ಜೀನ್ಸನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದರು.

ಸಭಾಂಗಣದಲ್ಲಿ ನಲವತ್ತು ಜನ ಶಿಕ್ಷಕರು. ಮುಂದಿನ ಸಾಲಿನಲ್ಲಿ ಅವರದೇ ಶಾಲೆಯ ಹೆಡ್‌ಮಾಸ್ಟರ್ ಸಿದ್ದಮಲ್ಲಪ್ಪ. ಮೇಷ್ಟ್ರು ಹದಿನೆಂಟು ನಿಮಿಷ ನದಿ, ಮೀನು, ನೊರೆ ಎಂದು ನಿರರ್ಗಳವಾಗಿ ಹರಿದು, ಕೊನೆಗೆ ಜೀನ್ಸನ್ನು ಹೊರತೆಗೆದರು. ಅರಿಶಿನದ ಗುಟ್ಟನ್ನೂ ಬಿಚ್ಚಿಟ್ಟರು.

"ನನ್ನ ಮಾತನ್ನು ನಂಬಬೇಡಿ! ಯಾರು ಬೇಕಾದರೂ ಬಂದು ಪರೀಕ್ಷಿಸಿ!"

ಅಲ್ಲಿನ ವಿಜ್ಞಾನದ ಮೇಡಂ ಭಾನುಪ್ರಿಯಾ ಎದ್ದು ಬಂದರು. ಸೊಂಟದ ಪಟ್ಟಿಯನ್ನು ತಿರುಗಿಸಿ ನೋಡಿದರು.

"ಹಳದಿಯಾಗೇ ಇದೆ ಸಾರ್."

ಚಪ್ಪಾಳೆ! ಮೇಷ್ಟ್ರು ತಲೆಬಾಗಿ ಸ್ವೀಕರಿಸಿದರು.

"ಆದ್ರೆ ಸಾರ್... ಅರಿಶಿನದ ನಡುವೆ ಕುಂಕುಮ ಯಾಕಿಟ್ಟಿದ್ದೀರಿ?"

"ಕುಂಕುಮವೇ?"

"ಹೂಂ ಸಾರ್. ಜೇಬಿನಲ್ಲಿ ನಾಲ್ಕು ಅಕ್ಷತೆ ಕಾಳೂ ಇವೆ."

ಮೇಷ್ಟ್ರು ಕನ್ನಡಕ ಏರಿಸಿದರು. ತಾವಿಟ್ಟಿದ್ದು ಸಾಸಿವೆಯಷ್ಟು ಬೊಟ್ಟು. ಅಲ್ಲಿದ್ದದ್ದು ಹಬ್ಬದ ದಿನ ಹೊಸಿಲಿಗೆ ಇಡುವಂಥ ಅಚ್ಚುಕಟ್ಟಾದ ಅರಿಶಿನದ ಬೊಟ್ಟು, ನಟ್ಟನಡುವೆ ದುಂಡಗೆ ಕುಂಕುಮ! ಸಭೆ ಬಿದ್ದು ಬಿದ್ದು ನಕ್ಕಿತು.

"ಇದು ಏಳನೇ ತರಗತಿಯ ಯಾವ ಪಾಠದಲ್ಲಿ ಬರುತ್ತೆ, ಮುರಳೀಧರ?" ಸಿದ್ದಮಲ್ಲಪ್ಪನವರು ಕಣ್ಣೊರೆಸಿಕೊಳ್ಳುತ್ತಾ ಕೇಳಿದರು.

"ಸ್ನೇಹಿತರೇ," ಎಂದರು ಮೇಷ್ಟ್ರು ಕ್ಷೀಣ ಸ್ವರದಲ್ಲಿ, "ಇದನ್ನು ಯಾರೋ ಒಗೆದಿದ್ದಾರೆ. ನನ್ನ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ." ಆ ದಿನ ಅವರಿಗೆ ಬಿದ್ದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ.

ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಮತ್ತೆ ನ್ಯಾಯಸ್ಥಾನ. ಅದೇ ಮೂವರು, ಅದೇ ಜೀನ್ಸು.

"ಅಮ್ಮ, ಕುಂಕುಮ ಇಟ್ಟದ್ದು ನೀನೇ ಅಲ್ವಾ?"

"ಹೂಂ ಕಣೋ. ಹೊಸ ಸ್ಕೂಟರಿಗೆ ಇಟ್ಟ ಹಾಗೆ ಹೊಸ ಪ್ಯಾಂಟಿಗೂ ಅರಿಶಿನ ಇಟ್ಟಿದ್ದೀಯ ಅಂದ್ಕೊಂಡೆ. ಶುಕ್ರವಾರ ಸೋಪಿನ ನೀರಿಗೆ ಅದ್ದಿದ ತಕ್ಷಣ ಕೆಂಪಾಗಿಬಿಡ್ತು. ಅಪಶಕುನ ಅಂತ ಭಯ ಆಯ್ತು. ಚೆನ್ನಾಗಿ ಉಜ್ಜಿ ತೆಗೆದು, ಒಣಗಿದ ಮೇಲೆ ಬೇರೆ ಇಟ್ಟೆ. ಕುಂಕುಮ ಮರೆತಿದ್ದೆಯಲ್ಲ, ಅದನ್ನೂ ಇಟ್ಟೆ."

"ಒಗೆದದ್ದಾದರೂ ಯಾಕಮ್ಮ?"

"ನನ್ನ ಮಡಿಸೀರೆ ಒಣಗೋ ಗಳದ ಪಕ್ಕಾನೇ ಮೈಲಿಗೆ ಪ್ಯಾಂಟು ತೂಗಿಬಿಟ್ಟರೆ ಇನ್ನೇನು ಮಾಡಲಿ? ಪ್ರತಿ ಶುಕ್ರವಾರ ಕೋಲಲ್ಲೇ ಎತ್ತಿ, ಅದ್ದಿ, ಸ್ನಾನಕ್ಕೆ ಮುಂಚೆ ಮುಗಿಸ್ತಿದ್ದೆ."

ಮೈತ್ರೇಯಿಯ ಕೈಯಲ್ಲಿದ್ದ ಹುರುಳಿಕಾಯಿ ಕೆಳಗೆ ಬಿತ್ತು. "ಶುಕ್ರವಾರ ನೀವಾ ಅತ್ತೆ? ಮಂಗಳವಾರ ಮಂಗಳವಾರ ನಾನು ಮಷೀನಿಗೆ ಹಾಕ್ತಿದ್ದೆನಲ್ಲ! ಬೇರೆ ಬಟ್ಟೆ ಜೊತೆ ಹಾಕಿದ್ರೆ ಗೊತ್ತಾಗುತ್ತೆ ಅಂತ ಅದೊಂದನ್ನೇ!"

"ಮೈತ್ರೇಯಿ, ನೀನೂನಾ?"

"ಭಾನುವಾರ ಸ್ಕೂಟರಿನ ಹಿಂದೆ ಕೂರೋಳು ಯಾರು ರೀ? ಗಾಳಿ ಬೀಸೋದು ನನ್ನ ಕಡೆಗೆ!"

ಎಲ್ಲರೂ ಪುಟ್ಟಲಕ್ಷ್ಮಿಯತ್ತ ತಿರುಗಿದರು. ಅವಳು ನೆಲ ಒರೆಸುವ ಬಟ್ಟೆಯನ್ನು ಮೂರು ಸಲ ಹಿಂಡಿದಳು.

"ಗುರುವಾರ ಗುರುವಾರ ನಾನೂ ಕಲ್ಲಿಗೆ ಬಡೀತಿದ್ದೆ ಸಾ. ಮೇಷ್ಟ್ರ ಮನೆ ಬಟ್ಟೆ ಒಗೆಯೋಳು ಯಾರು ಅಂತ ಬೀದೀಲಿ ಕೇಳುದ್ರೆ ಕೆಡೋದು ನನ್ ಎಸರಲ್ವಾ?"

ಮೇಷ್ಟ್ರು ಬೆರಳು ಮಡಿಚಿ ಲೆಕ್ಕ ಹಾಕಿದರು. ಆರು ವಾರಕ್ಕೆ ಹದಿನೆಂಟು ಒಗೆತ! ನಂಜನಗೂಡಿನಲ್ಲಿ ಅಷ್ಟು ನೀರು ಕುಡಿದ ಪ್ಯಾಂಟು ಇನ್ನೊಂದಿರಲಾರದು. ಮಡಿಚಿದ ಬೆರಳುಗಳನ್ನು ಮತ್ತೊಮ್ಮೆ ಎಣಿಸಿ ನೋಡಿದರು.

ಪುಟ್ಟಲಕ್ಷ್ಮಿಗೆ ಪಾಪ ಅನ್ನಿಸಿತು.

"ನನ್ ಮಾತ್ ಕೇಳಿ ಸಾ. ಈ ಜೀನ್ಸ್ ಬುಟ್ಟಾಕಿ. ನಿಮ್ಮ ಅಳೇ ಪ್ಯಾಂಟೇ ಆಕ್ಕಳಿ. ಅದ್ನ ವಾರಕ್ ಒಂದೇ ಸಲ ಒಗೆಯೋದು. ನೀರಾದ್ರೂ ಉಳೀಲಿ!" ಎಂದು ಅವಳು ಬಟ್ಟೆ ಎಳೆಯುತ್ತಾ ಮುಂದೆ ಸರಿದಳು. "ಈಗ ಒಸಿ ಕಾಲೆತ್ತಿ."

ಮೇಷ್ಟ್ರು ಎತ್ತಿದರು.