ಚೀನಾ ಮೇಷ್ಟ್ರ ಚಪ್ಪಾಳೆ

"ನಾಟಕ ಆಡ್ಸೋದು ಅಂದ್ರೆ ಬ್ಲೌಸ್ ಹೊಲಿದ ಹಾಗಲ್ಲಮ್ಮ, ನಿಮ್ಮ ಕೈಲಿ ಆಗಲ್ಲ" ಅಂದವರು ನಮ್ಮ ಬರ್ಮಿಂಗ್‌ಹ್ಯಾಮಿನ ಕನ್ನಡ ಕೂಟದ ಅಧ್ಯಕ್ಷರು. ದೊಡ್ಡ ಡಾಕ್ಟರು, ಸೊಲಿಹಲ್‌ನಲ್ಲಿ ದೊಡ್ಡ ಮನೆ. ಅವರ ಹೆಂಡತಿಯ ಬ್ಲೌಸುಗಳನ್ನೆಲ್ಲ ಹೊಲಿಯುತ್ತಿದ್ದವಳು ನಾನೇ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪೊಟ್ಟಣ ಕಟ್ಟಿ ಬಂದ ಹಳೇ ಪೇಪರು ಬಿಡಿಸಿ ಓದಿ ಓದಿ ಓದು ಕಲಿತವಳು. ನಾನೇ ಒಂದು ನಾಟಕ ಬರೆದಿದ್ದೇನೆ, ರಾಜ್ಯೋತ್ಸವಕ್ಕೆ ಆಡಿಸುತ್ತೇನೆ ಅಂದೆ. "ಭಾಷಣ ಎಲ್ಲ ಮುಗಿದ ಮೇಲೆ ಟೈಮ್ ಉಳಿದ್ರೆ ನೋಡೋಣ" ಅಂದರು.

ಆಡಿಸಿಯೇ ತೀರುತ್ತೇನೆ ಅಂತ ಹಟ ಬಂತು. ಹಟ ಬಂದಾಗಲೆಲ್ಲ ನನಗೆ ಏನಾದರೊಂದು ಆಗುತ್ತದೆ. ಆ ಸಲ ಆದದ್ದೆಲ್ಲ ಪಕ್ಕದ ಮನೆಯ ಚೀನೀ ಹಿರಿಯರ ದೆಸೆಯಿಂದ.

ಉದರದಲ್ಲಿ ಕಠಾರಿ

ಅವರು ಮಗಳ ಮನೆಯಲ್ಲಿದ್ದಾರೆ. ತಮ್ಮ ದೇಶದಲ್ಲಿ ಹರೆಯದಲ್ಲಿ ನಟ, ಆಮೇಲೆ ಇಂಗ್ಲಿಷ್ ನಾಟಕಗಳ ಅನುವಾದಕ, ಕೊನೆಗೆ ಸಂಸ್ಕೃತಿ ಇಲಾಖೆಯ ಅಧಿಕಾರಿ. ಬೇಲಿಯ ಆಚೆ ಈಚೆ ನಿಂತು ಮಾತು ಶುರುವಾಗಿ, ನನ್ನ ನಾಟಕಕ್ಕೆ ಅವರೇ ಮೇಷ್ಟ್ರಾದರು. ಅವರ ಇಂಗ್ಲಿಷೆಲ್ಲ ಹಳೇ ರಾಜರ ನಾಟಕಗಳಿಂದ ಬಂದದ್ದು.

ಒಂದು ಬೆಳಿಗ್ಗೆ ಹೊಟ್ಟೆನೋವು ಅಂತ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದರು. ಕೌಂಟರಿನ ಹುಡುಗಿಗೆ ಅವರು ಹೇಳಿದ್ದನ್ನು ನಮ್ಮ ಕಂಪನಿ ನಾಟಕದ ಮಾತಿಗೆ ತಂದರೆ ಹೀಗೆ: "ಎಲೌ ತರುಣಿ, ದ್ರೋಹಿಯೊಬ್ಬನು ನನ್ನ ಉದರದಲ್ಲಿ ಕಠಾರಿಯನ್ನು ತಿರುಗಿಸುತ್ತಿರುವನು." ಹುಡುಗಿ ಪೊಲೀಸರಿಗೆ ಫೋನು ಮಾಡಿದಳು. ಬಂದ ಪೊಲೀಸ್ ಕೇಳಿದ, "ಯಾರು ಚುಚ್ಚಿದ್ದು, ಸರ್?"

"ಪಕ್ಕದ ಮನೆಯಾಕೆಯ ಕಡಲೆಕಾಳು ಉಸಲಿ."

ಜಿಪಿ ನೋಡಿ ಹರ್ನಿಯಾ ಅಂದ ಮೇಲೆಯೇ ನನ್ನ ಉಸಲಿಗೆ ಬಿಡುಗಡೆಯಾದದ್ದು.

ಊಟ ಆಯ್ತಾ?

ಆಪರೇಷನ್ನಿಗೆ ದಿನ ಸಿಕ್ಕಿತು. ಅದು ಮುಂದಕ್ಕೆ ಹೋದರೆ ನೇರ ನಮ್ಮ ನಾಟಕದ ವಾರಕ್ಕೇ ಬಂದು ಬೀಳುತ್ತಿತ್ತು. ಮೇಷ್ಟ್ರಿಲ್ಲದೆ ನಾಟಕವಿಲ್ಲ.

ಅವರ ಕಡೆಯೂ ನಮ್ಮ ಹಾಗೇ, ಎದುರು ಸಿಕ್ಕವರನ್ನು ಊಟ ಆಯ್ತಾ ಅಂತಲೇ ಮಾತಾಡಿಸುವುದು. ಹಾಗಾಗಿ ನಾನು ಕಲಿಸಿದ ಮೊದಲ ಕನ್ನಡವೂ ಅದೇ, ಉತ್ತರದ ಸಮೇತ. ಅರಿವಳಿಕೆ ಕೊಡಲು ಬಂದವರು ಮೈಸೂರಿನ ಡಾಕ್ಟರು. ಅವರ ಎದೆಯ ಬ್ಯಾಡ್ಜಿನಲ್ಲಿ ನಮ್ಮ ಕೂಟದವರ ಹಾಗಿನ ಹೆಸರು ನೋಡಿದ್ದೇ ಮೇಷ್ಟ್ರು, "ನಮಸ್ಕಾರ, ಊಟ ಆಯ್ತಾ?" ಅಂದರು. ಡಾಕ್ಟರಿಗೆ ಖುಷಿಯೋ ಖುಷಿ. "ನನ್ನದಾಯ್ತು. ನಿಮ್ಮದು?"

"ಆಯ್ತು, ಆಯ್ತು. ಹೊಟ್ಟೆ ತುಂಬ."

ಖಾಲಿ ಹೊಟ್ಟೆಯಲ್ಲಿರಬೇಕಾದ ಮನುಷ್ಯ. ಆಪರೇಷನ್ ನಿಂತುಹೋಯಿತು. ಮೇಷ್ಟ್ರು ನನ್ನ ನಂಬರು ಕೊಟ್ಟರು, ಡಾಕ್ಟರು ಫೋನು ಮಾಡಿದರು. "ಅಮ್ಮ, ನಿಜ ಹೇಳಿ. ಇವರು ಏನು ತಿಂದಿದ್ದಾರೆ?"

"ಹನಿ ನೀರೂ ಕುಡಿದಿಲ್ಲ, ಸರ್. ಮಗಳು ಬೆಳಗಿನಿಂದ ಕಾವಲಿದ್ದಾಳೆ."

"ಮತ್ತೆ ಊಟ ಆಯ್ತು ಅಂದರಲ್ಲ?"

"ನಿಮ್ಮ ಮನೆಗೆ ಬಂದವರು ಊಟ ಆಯ್ತು ಅಂದ್ರೆ ನೀವು ನಂಬ್ತೀರಾ, ಸರ್?"

ಡಾಕ್ಟರು ಸ್ವಲ್ಪ ಯೋಚಿಸಿದರು. "ಇಲ್ಲ" ಅಂದು, ಮಗಳನ್ನೂ ಒಂದು ಮಾತು ಕೇಳಿ, ಒಳಗೆ ಕರೆದುಕೊಂಡು ಹೋದರು.

ಬಸ್ಸು

ಹುಷಾರಾಗಿ ಬಂದ ಮೇಷ್ಟ್ರು ದಿಂಬು ಒರಗಿಕೊಂಡು ತಾಲೀಮು ನಡೆಸಿದರು. ನಾಯಕ ಧಾರವಾಡದ ಹುಡುಗ, ಇಲ್ಲಿ ಎಂ.ಎಸ್ಸಿ. ಓದುತ್ತಿದ್ದವನು. ಅವನು ಹೆಂಡತಿಯ ದಾರಿ ಕಾಯುವ ದೃಶ್ಯದ ನಡುವೆ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. "ನನಗೆ ಭಾಷೆ ತಿಳಿಯದು. ಇವನು ಹೆಂಡತಿಗಾಗಿ ಕಾಯುತ್ತಿರುವನೋ, ಬಸ್ಸಿಗಾಗಿಯೋ?"

ಹುಡುಗ ನನ್ನ ಕಡೆ ತಿರುಗಿ, "ಅಕ್ಕಾರ, ಇವ್ರಿಗೆ ಹ್ಯಾಂಗ ಗೊತ್ತಾತ್ರೀ? ನನ್ನ ಲಾಸ್ಟ್ ಬಸ್ ಈಗ ಅದ" ಅಂದ.

ಚಪ್ಪಾಳೆ

ರಾಜ್ಯೋತ್ಸವದ ದಿನ ಹಾಲ್ ಒಂಬತ್ತಕ್ಕೆ ಬಿಟ್ಟುಕೊಡಬೇಕಿತ್ತು. ಅಧ್ಯಕ್ಷರು ಮೈಕು ಹಿಡಿದವರು ಬಿಡಲಿಲ್ಲ. "ಕೊನೆಯದಾಗಿ ಒಂದು ಮಾತು" ಅಂದರು. ಆಮೇಲೆ "ಕಟ್ಟಕಡೆಯದಾಗಿ" ಅಂದರು. ಆಮೇಲೆ ಕನ್ನಡದ ಇತಿಹಾಸ ಕದಂಬರಿಂದ ಶುರುವಾಯಿತು. ಪರದೆಯ ಹಿಂದೆ ನನ್ನ ನಟರು ಬಣ್ಣ ಹಚ್ಚಿಕೊಂಡು ಬೆವರುತ್ತಿದ್ದರು. ಬಾಗಿಲಲ್ಲಿ ಕೇರ್‌ಟೇಕರ್ ಬೀಗದ ಕೈ ಆಡಿಸುತ್ತಿದ್ದ. ನಾನು ಹೋಗಿ ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಪಕ್ಕ ಕೂತೆ.

"ಮೇಷ್ಟ್ರೇ, ಇನ್ನು ನಾಟಕ ಇಲ್ಲ."

"ನಾನು ಇಲಾಖೆಯಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ನೀನು ತಿಳಿದಿರುವೆ?" ಅಂದರು. "ಈತ ಉಸಿರೆಳೆಯಲಿ."

ಅಧ್ಯಕ್ಷರು ನೀರು ಕುಡಿಯಲು ಲೋಟ ಎತ್ತಿದರು. ಅಷ್ಟೇ. ಮೇಷ್ಟ್ರು ಎದ್ದು ನಿಂತು ಸಭೆಯ ಕಡೆ ತಿರುಗಿ ಚಪ್ಪಾಳೆ ತಟ್ಟಲು ಶುರುಮಾಡಿದರು. ಬಿಸಿಬೇಳೆಬಾತಿಗೆ ಕಾದು ಕಾದು ಸೋತ ಮಕ್ಕಳೆಲ್ಲ "ಫಿನಿಶ್ಡ್, ಫಿನಿಶ್ಡ್" ಅಂತ ಎದ್ದರು. ಮಕ್ಕಳ ಹಿಂದೆ ಅಪ್ಪ ಅಮ್ಮಂದಿರೂ ಎದ್ದರು. ಮೇಷ್ಟ್ರು ವೇದಿಕೆ ಹತ್ತಿ, ಅಧ್ಯಕ್ಷರ ಎರಡೂ ಕೈ ಹಿಡಿದು ತಲೆಬಾಗಿ, ಫೋಟೋಕ್ಕೆ ನಿಂತು, ಆ ಕೈ ಬಿಡದೆಯೇ ಮೆಟ್ಟಿಲು ಇಳಿಸಿ ಕುರ್ಚಿಯಲ್ಲಿ ಕೂರಿಸಿದರು. ಅಧ್ಯಕ್ಷರ ಕಣ್ಣು ಒದ್ದೆಯಾಗಿತ್ತು.

ಪರದೆ ಸರಿಯಿತು. ನಾಟಕ ಪೂರ್ತಿ ಆಯಿತು. ಒಂಬತ್ತು ದಾಟಿದರೂ ಕೇರ್‌ಟೇಕರ್ ಬೀಗದ ಕೈ ಜೇಬಿಗೆ ಹಾಕಿಕೊಂಡು ಹಿಂದೆ ನಿಂತು ನೋಡಿದ.

ಮಾರನೆಯ ದಿನ ಕೂಟದ ವಾಟ್ಸಾಪಿನಲ್ಲಿ ಫೋಟೋ ಬಂತು: ಅಧ್ಯಕ್ಷರ ಭಾಷಣಕ್ಕೆ ಚೀನಾದ ಸಂಸ್ಕೃತಿ ಅಧಿಕಾರಿಯಿಂದ ಎದ್ದು ನಿಂತು ಗೌರವ. ಅಷ್ಟಕ್ಕೇ ಬಿಡಬಹುದಿತ್ತು. ಸಂಜೆ ಅಧ್ಯಕ್ಷರು ಹೆಂಡತಿಯ ಜೊತೆ ಸ್ವೀಟು ಹಿಡಿದು ಮೇಷ್ಟ್ರ ಮನೆಗೇ ಬಂದರು. ನಾನೂ ಅಲ್ಲೇ ಇದ್ದೆ.

"ನನ್ನ ಭಾಷಣದಲ್ಲಿ ನಿಮಗೆ ಯಾವ ಭಾಗ ತುಂಬ ಹಿಡಿಸಿತು?"

"ಕೊನೆ" ಅಂದರು ಮೇಷ್ಟ್ರು. "ಅದನ್ನು ನಾನೇ ಮಾಡಿದ್ದು."

ಈಗ ನನ್ನ ಹೆಸರಿನಲ್ಲಿ ಒಂದು ನಾಟಕ ತಂಡವಿದೆ, ನಾನೇ ಹೊಲಿದ ಕೆಂಪು ಮಖಮಲ್ಲಿನ ಪರದೆ ಇದೆ, ಮೇಷ್ಟ್ರೂ ಇದ್ದಾರೆ. ಅಧ್ಯಕ್ಷರ ಹೆಂಡತಿ ಈಗ ಬ್ಲೌಸುಗಳನ್ನು ಕಾರಿನಲ್ಲಿ ಒಂದು ಗಂಟೆ ದೂರದ ಲೆಸ್ಟರ್‌ನಲ್ಲಿ ಹೊಲಿಸುತ್ತಾರೆ.