ವಾರಂಟಿ ಉಳಿಸಿದ ಕತ್ತರಿ

ಹೆಂಡತಿ: ಮೂರನೇ ಸಲ ಕೇಳ್ತಿದೀನಿ, ಹಾಲಿನ ಪ್ಯಾಕೆಟ್ ಕತ್ತರಿಸೋ ಕತ್ತರಿ ಎಲ್ಲಿ?

ಗಂಡ: ಇಲ್ಲಿ ಕಾರಿನ ಎಸಿ ಸತ್ತು ಬಿದ್ದಿದೆ, ನಿನಗೆ ಕತ್ತರಿ ಚಿಂತೆ.

ಹೆಂಡತಿ: ಬೆಳಿಗ್ಗೆ ಹಲ್ಲಲ್ಲಿ ಕಚ್ಚಿ ಹರಿದೆ. ಅರ್ಧ ಹಾಲು ನನ್ನ ನೈಟಿ ಕುಡೀತು.

ಸರ್ವಿಸ್ ಸೆಂಟರಿನ ಗಾಜಿನ ಗೋಡೆಯಾಚೆ ಅವರ ಕಾರು ಲಿಫ್ಟಿನ ಮೇಲೆ ನಿಂತಿತ್ತು. ಗಂಡ ಆಪರೇಷನ್ ಥಿಯೇಟರಿನ ಹೊರಗೆ ಕೂತವನ ಹಾಗೆ ಅದನ್ನೇ ನೋಡುತ್ತಿದ್ದ. ನಾಳೆ ಅವನ ತಾಯಿಯನ್ನು ಕೂರಿಸಿಕೊಂಡು ಅಕ್ಕನ ಮನೆಗೆ ಹೋಗಬೇಕು. ಈ ಸೆಖೆಯಲ್ಲಿ ಎಸಿ ಇಲ್ಲದ ಕಾರನ್ನು ತಾಯಿ ಹತ್ತುವುದಿಲ್ಲ. ವಾರಂಟಿ ಸಿಗದಿದ್ದರೆ ರಿಪೇರಿ ಮಾಡಿಸುವಷ್ಟು ಶಕ್ತಿ ಅವನ ಜೇಬಿಗಿಲ್ಲ.

ಸರ್ವಿಸ್ ಅಡ್ವೈಸರ್ ಬಾಗಿಲಲ್ಲಿ ಇಣುಕಿದ.

ಅಡ್ವೈಸರ್: ಸರ್, ಕಾರಿಗೆ ಹೊರಗಡೆ ಏನಾದ್ರೂ ಹಾಕಿಸಿದ್ರಾ? ಲೈಟು, ಹಾರ್ನು, ಸ್ಪೀಕರು?

ಗಂಡ: ಇಲ್ಲಪ್ಪ. ಶೋರೂಮಿಂದ ಹೇಗೆ ಬಂತೋ ಹಾಗೇ ಇದೆ. ಒಂದು ಸ್ಟಿಕ್ಕರೂ ಅಂಟಿಸಿಲ್ಲ.

ಹೆಂಡತಿ ಕೆಮ್ಮಿದಳು. ಅಡ್ವೈಸರ್ ಅವಳನ್ನೊಮ್ಮೆ ನೋಡಿ ಹೊರಟುಹೋದ.

ಹೆಂಡತಿ: ರೀ, ನೀವು ಹಾರ್ನ್ ಒತ್ತಿದ್ರೆ ಹಿಂದಿನ ಬೀದಿ ಅಜ್ಜಿ ಹಾಸಿಗೆಯಿಂದ ಎದ್ದು ಕೂರ್ತಿದ್ರು. ಏನಾಯ್ತು ಅದು?

ಗಂಡ: ಮೆಲ್ಲಗೆ ಮಾತಾಡು. ನಿನ್ನೆ ಬಿಚ್ಚಿದೆ. ಹಾರ್ನು, ಲೈಟು, ಆ ಸ್ಪೀಕರ್ ಡಬ್ಬ, ಎಲ್ಲಾ. ಹೊರಗಿನದು ಒಂದು ಸ್ಕ್ರೂ ಕಂಡ್ರೂ ವಾರಂಟಿ ಗೋವಿಂದ ಅಂತ ಆಫೀಸಲ್ಲಿ ಹೇಳಿದ್ರು.

ಹೆಂಡತಿ: ಹಾಕಿಸುವಾಗಲೇ ಬೇಡ ಅಂದಿದ್ದೆ.

ಗಂಡ: ಹಾಕಿದ್ದು ನಿನ್ನ ತಮ್ಮ. ಭಾವ, ಭಾವ ಅಂತ ತಲೆ ಸವರಿ, ಕಾರನ್ನ ಸರ್ಕಸ್ ಡೇರೆ ಮಾಡಿಟ್ಟ. ಈ ಎಸಿ ಹೋಗಿದ್ದೂ ಅವನ ಕೈಗುಣದಿಂದಲೇ.

ಹೆಂಡತಿ: ನನ್ನ ತಮ್ಮನ ಸುದ್ದಿಗೆ ಬರಬೇಡಿ. ಎರಡು ವರ್ಷದಲ್ಲಿ ಯಾರಿಗಾದ್ರೂ ತೊಂದರೆ ಆಗಿದೆಯಾ?

ಗಂಡ: ಹಿಂದಿನ ಬೀದಿ ಅಜ್ಜಿಯನ್ನ ಕೇಳು.

ಹೆಂಡತಿ: ಅದಿರಲಿ, ಬಿಚ್ಚಿದ್ದನ್ನೆಲ್ಲ ಎಲ್ಲಿಟ್ರಿ? ಮನೇಲಿ ಕಾಣಲಿಲ್ಲ.

ಗಂಡ: ಮನೇಲಿಟ್ರೆ ನಿನ್ನ ಬೈಗುಳ ಕೇಳಬೇಕು. ಡಿಕ್ಕೀಲಿ ಹಾಕಿ ಬೀಗ ಹಾಕಿದೆ.

ಹೆಂಡತಿ: ಯಾರ ಡಿಕ್ಕೀಲಿ?

ಗಂಡ ಗಾಜಿನ ಗೋಡೆಯ ಕಡೆ ತಿರುಗಿದ. ಲಿಫ್ಟು ಕೆಳಗಿಳಿದಿತ್ತು. ಕಾರಿನ ಬೀಗದ ಕೈಯನ್ನು ಬೆಳಿಗ್ಗೆ ಅವನೇ ಕೌಂಟರಿನಲ್ಲಿ ಕೊಟ್ಟಿದ್ದ. ಅಡ್ವೈಸರ್ ಸ್ಪೀಕರ್ ಡಬ್ಬವನ್ನು ಎತ್ತಿಕೊಂಡು ಬರುತ್ತಿದ್ದ.

ಅಡ್ವೈಸರ್: ಸ್ಟೆಪ್ನಿ ನೋಡೋಣ ಅಂತ ಡಿಕ್ಕಿ ತೆಗೆದ್ವಿ ಸರ್.

ಗಂಡ: ಅದು... ನನ್ನ ಸ್ನೇಹಿತನದು.

ಅಡ್ವೈಸರ್: ಡಿಕ್ಕೀಲಿರೋ ಹಾರ್ನನ್ನ ಹಿಡಿಯೋ ಕ್ಲಾಂಪು ನಿಮ್ಮ ಬಂಪರ್ ಒಳಗಿದೆ.

ಗಂಡ: ನೋಡಪ್ಪಾ, ಇದೆಲ್ಲ ನನ್ನ ಬಾಮೈದನ ಕೆಲಸ. ವಾರಂಟಿ ಹೋಯ್ತು ಅಂತ ಬಾಯಿಬಿಟ್ಟು ಹೇಳಿಬಿಡು.

ಅಡ್ವೈಸರ್: ಯಾಕೆ ಹೋಗುತ್ತೆ? ಎಸಿ ಕಂಪ್ರೆಸರ್ ಒಳಗಿಂದ ಲೀಕ್ ಆಗ್ತಿದೆ, ಅದು ಕಂಪನಿ ತಪ್ಪು. ಹಾರ್ನಿಗೂ ಅದಕ್ಕೂ ಏನು ಸಂಬಂಧ? ಹೊರಗಡೆ ಹಾಕಿಸಿದ್ದರಿಂದ ಏನು ಕೆಟ್ಟಿದೆಯೋ ಅದಕ್ಕೆ ಮಾತ್ರ ಇಲ್ಲ ಅಂತೀವಿ. ಕಂಪ್ರೆಸರ್ ಫ್ರೀ.

ಗಂಡನಿಗೆ ಹೋದ ಜೀವ ಬಂತು. ಕಾಲ ಮೇಲೆ ಕಾಲು ಹಾಕಿಕೊಂಡ.

ಗಂಡ: ಹಾಗಾದ್ರೆ ಸಾಯಂಕಾಲ ಕಾರು ತಗೊಂಡು ಹೋಗಬಹುದು.

ಅಡ್ವೈಸರ್: ಎಸಿ ರೆಡಿ ಆಗುತ್ತೆ. ಆದ್ರೆ ಎಡಗಡೆ ಹೆಡ್‌ಲೈಟ್ ಉರೀತಿಲ್ಲ, ಕಂಪನಿ ಹಾರ್ನೂ ಕೂಗ್ತಿಲ್ಲ. ಹಾಕಿದವರು ಬೇರೆ ಫ್ಯೂಸ್ ಕೊಟ್ಟು, ಕಂಪನಿಯ ಒಂದೂ ವೈರ್ ಮುಟ್ಟದೆ ನೀಟಾಗಿ ಹಾಕಿದಾರೆ. ಬಿಚ್ಚಿದ ಪುಣ್ಯಾತ್ಮ ಯಾರೋ ಕಂಪನಿ ವೈರನ್ನೇ ಕತ್ತರಿಸಿದಾನೆ. ಅದಕ್ಕೆ ವಾರಂಟಿ ಬರಲ್ಲ.

ಹೆಂಡತಿ ಗಂಡನ ಕಡೆ ಪೂರ್ತಿ ತಿರುಗಿ ಕೂತಳು.

ಹೆಂಡತಿ: ಯಾವುದರಲ್ಲಿ ಕತ್ತರಿಸಿರಬಹುದು ಅಂತೀರಿ?

ಅಡ್ವೈಸರ್ ಜೇಬಿನಿಂದ ಕೆಂಪು ಹಿಡಿಯ ಕತ್ತರಿ ತೆಗೆದು ಮೇಜಿನ ಮೇಲಿಟ್ಟ.

ಅಡ್ವೈಸರ್: ಇದೂ ಡಿಕ್ಕೀಲೇ ಇತ್ತು, ಮೇಡಂ.

ಹೆಂಡತಿ ಕತ್ತರಿಯನ್ನು ಬ್ಯಾಗಿಗೆ ಹಾಕಿಕೊಂಡಳು. ಅದೇ ಬ್ಯಾಗಿನಿಂದ ಫೋನು ತೆಗೆದು, ನಂಬರ್ ಒತ್ತಿ, ಗಂಡನ ಕೈಗಿಟ್ಟಳು.

ಗಂಡ: ಯಾರಿಗೆ?

ಹೆಂಡತಿ: ನನ್ನ ತಮ್ಮನಿಗೆ. ಅವನ ಕೈಗುಣ ಹೇಗಿದೆ ಅಂತ ನೀವೇ ಹೇಳಿ.

ಗಂಡ ಗಂಟಲು ಸರಿಮಾಡಿಕೊಂಡ.

ಗಂಡ: ಏನಪ್ಪಾ, ಹೇಗಿದೀಯಾ? ಊಟ ಆಯ್ತಾ? ಸುಮ್ನೆ ನೆನಪಾಯ್ತು, ಮಾಡಿದೆ.

ಊಟದ ವಿಚಾರ ಮುಗಿದ ಮೇಲೆ ವೈರಿನ ವಿಚಾರ ಬಂತು; ಬಾಮೈದ ಸಂಜೆ ಬಂದು ಜೋಡಿಸಿಕೊಡಲು ಒಪ್ಪಿದ. ಹಾರ್ನನ್ನೂ ವಾಪಸ್ ಹಾಕುತ್ತಾನೆ.